ಮರದ ಹೊಟ್ಟಿನಿಂದ ಪರಿಮಳ ತೆಗೆದ ಹಿಂಗಾರು

…ಮೊದಲ ಸಲ ಆ ಪರಿಮಳ ಬಂದದ್ದು ಆಯುಧಪೂಜೆ ಆದಮೇಲೆಯೇ, ಅಥವಾ ಅದಕ್ಕೂ ಮುಂಚೆ ಒಂದು ಸಲ ಬಂದಿತ್ತೇ ಎಂದು ಯಾರಾದರೂ ಗಟ್ಟಿಸಿ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿರುವುದು ಪೂಜೆ ಆದಮೇಲೆ ಎಂದೇ. ಹಾಗೆ ಹೇಳಿದರೆ ಕಥೆ ಚೆನ್ನಾಗಿ ಕೂರುತ್ತದೆ. ಕೇಳಿದವರು ನಗುತ್ತಾರೆ, ಕಾಲೇಜನ್ನು ಬೈಯುತ್ತಾರೆ, ನನ್ನನ್ನು ಜಾಣೆ ಎನ್ನುತ್ತಾರೆ. ಚೆನ್ನಾಗಿ ಕೂರುವ ಕಥೆಯನ್ನು ನಾನು ನಂಬುವುದಿಲ್ಲ, ಅದು ನನ್ನದೇ ಆಗಿದ್ದರೂ. ನನ್ನದಾಗಿದ್ದರಂತೂ ಇನ್ನೂ ನಂಬುವುದಿಲ್ಲ.

ಹೋದ ತಿಂಗಳು ಪುಸ್ತಕದ ಕಪಾಟಿಗೆ ಹಲಗೆ ಕೊಯ್ಯಿಸಲು ಗುಂಡ್ಲುಪೇಟೆಯ ಜಬ್ಬಾರ್ ಸಾಹೇಬರ ಸಾಮಿಲ್ಲಿಗೆ ಹೋಗಿದ್ದೆ. ಸಾಹೇಬರು ಈಗಿಲ್ಲ, ಮಗ ನಡೆಸುತ್ತಾನೆ. ಗರಗಸ ನಿಲ್ಲಿಸಿ, ಕೆಂಡದ ಮೇಲೆ ಒಂದು ಚಿಟಿಕೆ ಲೋಬಾನ್ ಉದುರಿಸಿ, ಅವನು ಅಂಗಡಿಯ ಮೂಲೆಮೂಲೆಗೆ ಹೊಗೆ ತೋರಿಸುತ್ತಿದ್ದ. ನಾವು ಸಾಂಬ್ರಾಣಿ ಎನ್ನುವುದನ್ನೇ ಅವರು ಲೋಬಾನ್ ಎನ್ನುವುದು. ಕೆಳಗೆ ಹಸಿ ಮರದ ಹೊಟ್ಟಿನ ವಾಸನೆ, ಮೇಲೆ ಸಾಂಬ್ರಾಣಿಯ ಹೊಗೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದಾಗ ನಾನು ಹಲಗೆಯ ಅಳತೆ ಹೇಳುವುದನ್ನು ಅರ್ಧಕ್ಕೇ ನಿಲ್ಲಿಸಿದೆ. ಕಣ್ಣಲ್ಲಿ ನೀರು ಬಂತು ಎಂದು ಬರೆಯಬಹುದಿತ್ತು. ಬಂದದ್ದು ಸೀನು.

ಚಾಮರಾಜನಗರ ಆಗ ಹೊಸದಾಗಿ ಜಿಲ್ಲೆಯಾಗಿತ್ತು. ತಾಲ್ಲೂಕಾಗಿದ್ದಾಗ ರಸ್ತೆಯಲ್ಲಿದ್ದ ಗುಂಡಿಗಳೆಲ್ಲ ಜಿಲ್ಲೆಯಾದ ಮೇಲೂ ಇದ್ದವು. ಬೋರ್ಡುಗಳಿಗೆ ಮಾತ್ರ ಹೊಸ ಬಣ್ಣ. ಎಲ್ಲರಿಗೂ ಏನಾದರೊಂದನ್ನು ಉದ್ಘಾಟಿಸುವ ಜ್ವರ. ನಾನು ಭೀಮನಬೀಡಿನವಳು, ಎಂ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಸಂಶೋಧನಾ ಸಹಾಯಕಿ ಬೇಕಾಗಿದ್ದಾಳೆ ಎಂದಾಗ ದಿನಾ ಬೆಳಿಗ್ಗೆ ಬಸ್ಸು ಹತ್ತತೊಡಗಿದೆ. ಆ ಬಸ್ಸಿನಲ್ಲಿ ನನ್ನ ಜೊತೆ ಬರುತ್ತಿದ್ದದ್ದು ಒಂದು ಚೀಲ ಮರದ ಹೊಟ್ಟು, ಜಬ್ಬಾರ್ ಸಾಹೇಬರ ಮಿಲ್ಲಿನದು. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿಯಬೇಕೋ ಬೇಡವೋ ಎಂದು ವಾರಕ್ಕೊಮ್ಮೆ ಯೋಚಿಸುತ್ತಿದ್ದ.

ಕಾಲೇಜಿನ ರಸಾಯನಶಾಸ್ತ್ರದ ಮುಖ್ಯಸ್ಥರು ಪರಶಿವಮೂರ್ತಿ. ಮೈಸೂರಿನ ಯಾವುದೋ ಗೋಷ್ಠಿಯಲ್ಲಿ, ಅಡುಗೆಮನೆಯ ಮೈಕ್ರೋವೇವ್ ಓವನ್ನಿನೊಳಗೆ ಗಂಟೆಗಟ್ಟಲೆ ಹಿಡಿಯುವ ರಾಸಾಯನಿಕ ಕ್ರಿಯೆಗಳು ನಿಮಿಷಗಳಲ್ಲಿ ಮುಗಿಯುತ್ತವೆ ಎಂದು ಒಬ್ಬರು ಹೇಳಿದ್ದನ್ನು ಅವರು ಕೇಳಿ ಬಂದಿದ್ದರು. ಊಟವಾದ ಮೇಲಿನ ಉಪನ್ಯಾಸವಂತೆ. ಅರ್ಧ ತೂಕಡಿಕೆಯಲ್ಲಿ ಕೇಳಿದ್ದು ಎಂದು ತಾವೇ ಒಮ್ಮೆ ಬಾಯಿಬಿಟ್ಟಿದ್ದರು. ಆ ಅರ್ಧದ ಮೇಲೆ ಒಂದು ಇಡೀ ಯೋಜನೆ ಬರೆದರು. ಮರವನ್ನು ಮರವಾಗಿ ನೆಟ್ಟಗೆ ನಿಲ್ಲಿಸುವ ಒಂದು ಅಂಟಿದೆ, ಲಿಗ್ನಿನ್ ಎಂದು. ಕಾಗದದ ಕಾರ್ಖಾನೆಯವರು ಅದನ್ನು ಬೇಡದ ಕೊಳೆ ಎಂದು ತೆಗೆದು ಸುಡುತ್ತಾರೆ. ಆ ಕೊಳೆಯನ್ನು ಸರಿಯಾಗಿ ಒಡೆದರೆ ಬೆಲೆಬಾಳುವ ವಸ್ತುಗಳು ಸಿಗುತ್ತವೆ. ಅವುಗಳಲ್ಲಿ ಒಂದು ವೆನಿಲಿನ್, ಐಸ್‌ಕ್ರೀಮಿನ ಪರಿಮಳ ಅದೇ. ನಮ್ಮ ಸಾಮಿಲ್ಲುಗಳ ಹೊಟ್ಟಿನಿಂದ ಐಸ್‌ಕ್ರೀಮಿನ ಪರಿಮಳ! ಸರ್ ಇದನ್ನು ಹೇಳುವಾಗ ಎರಡೂ ಅಂಗೈ ಮೇಲೆತ್ತುತ್ತಿದ್ದರು, ಪರಿಮಳ ಆಗಲೇ ಅಲ್ಲಿಂದ ಏಳುತ್ತಿದೆ ಎಂಬಂತೆ.

ಓವನ್ ಅವರ ಭಾಮೈದ ಗಲ್ಫಿನಿಂದ ತಂದದ್ದು. ಅದರ ಬಾಗಿಲ ಮೇಲೆ ಕೋಳಿಯ ಚಿತ್ರವಿತ್ತು. ಅದನ್ನು ಪ್ರಯೋಗಾಲಯದ ಕಡಪಾ ಕಲ್ಲಿನ ಮೇಲೆ ಕೂರಿಸಿ, ಕೋಳಿಯ ಮೇಲೆ ಬಿಳಿ ಕಾಗದ ಅಂಟಿಸಿ, ಕಾಗದದ ಮೇಲೆ ವಿಭಾಗದ ಹೆಸರು ಬರೆದದ್ದು ನಾನು. ಆ ನಗೆಪಾಟಲಿನಲ್ಲಿ ನನ್ನದೂ ಪಾಲಿದೆ.

ಕೆಲಸ ಹೀಗಿತ್ತು. ಹೊಟ್ಟನ್ನು ಕಾಸ್ಟಿಕ್ ಸೋಡಾದಲ್ಲಿ ದಿನವಿಡೀ ಬೇಯಿಸುವುದು. ಬರುವ ಕಪ್ಪು ನೀರನ್ನು ಸೋಸಿ ಆಸಿಡ್ ಬಿಟ್ಟರೆ ತಳದಲ್ಲಿ ಕಂದು ಕೆಸರು ಕೂರುತ್ತದೆ. ಒಣಗಿಸಿದರೆ ನಶ್ಯದಂಥ ಪುಡಿ. ಅದೇ ಲಿಗ್ನಿನ್. ಅದಕ್ಕೆ ಚೂರು ಸೋಡಾ, ಚೂರು ತಾಮ್ರದ ಉಪ್ಪು ಬೆರೆಸಿ ಪಿಂಗಾಣಿ ಬಟ್ಟಲಿನಲ್ಲಿಟ್ಟು ಓವನ್ನಿಗೆ ತಳ್ಳುವುದು. ಕಾಯುವುದು. ತೆಗೆದು ಮೂಸುವುದು. ಬಟ್ಟಲುಗಳು ಆರಿದ್ದವು. ಆಗಸ್ಟ್ ಕಳೆಯುವಷ್ಟರಲ್ಲಿ ಐದು ಒಡೆದು ಒಂದು ಉಳಿಯಿತು. ಓದುವವರು ಈ ಬಟ್ಟಲನ್ನು ನೆನಪಿಟ್ಟುಕೊಂಡಿರಬೇಕು. ನಾನಂತೂ ಮರೆಯಲಾರೆ.

ಎರಡು ತಿಂಗಳು ಏನೂ ಬರಲಿಲ್ಲ. ಪುಡಿ ಬೆಚ್ಚಗಾಗುತ್ತಿತ್ತು ಅಷ್ಟೇ, ಬಿಸಿಲಿನಲ್ಲಿ ಇಟ್ಟಿದ್ದರೂ ಅಷ್ಟಾಗುತ್ತಿತ್ತು. ವೋಲ್ಟೇಜಿನದ್ದೇ ಗೋಳು. ಕುದೇರಿನ ಕಡೆ ಪಂಪ್‌ಸೆಟ್ಟುಗಳು ಶುರುವಾದವೆಂದರೆ ನಮ್ಮ ಓವನ್ನಿನ ದೀಪ ಮಂಕಾಗಿ, ಒಳಗಿನ ಗಾಜಿನ ತಟ್ಟೆ ಗಬ್ಬದ ಎಮ್ಮೆಯ ಹಾಗೆ ತಿರುಗುತ್ತಿತ್ತು. ಅಟೆಂಡರ್ ಮಾದೇವ ಕಿಟಕಿಯಿಂದ ಹೊರಗೆ ನೋಡಿ ಹೇಳುತ್ತಿದ್ದ:

"ಅರಿಸ್ನಕ್ಕ ನೀರು ಬುಟ್ಟವ್ರ ಕಣವ್ವ. ಅರಿಸ್ನ ಕುಡೀಲಿ ತಡೀರಿ. ಅದು ಕುಡುದ್ಮೇಲೆ ನಮ್ಮ ಕರೆಂಟ್ ಒಲೆಗ."

ಮಾದೇವ ಕುದೇರಿನವನು, ನಲವತ್ತರ ಹತ್ತಿರ. ಹನ್ನೊಂದು ವರ್ಷದಿಂದ ದಿನಗೂಲಿ. ನಾನು ಅವನನ್ನು ಮಾದೇವಣ್ಣ ಎನ್ನುತ್ತಿದ್ದೆ, ಅವನು ಖುಷಿಯಲ್ಲಿದ್ದರೆ ಕಣವ್ವ ಎನ್ನುತ್ತಿದ್ದ, ಛೇಡಿಸುವುದಿದ್ದರೆ ಮೇಡಮ್ಮೋರೆ. ಪ್ರತಿ ವರ್ಷ ಕಾಯಂ ಮಾಡಿ ಎಂದು ಅರ್ಜಿ ಕೊಡುತ್ತಿದ್ದ. ಪ್ರತಿ ವರ್ಷ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಇನ್ನೊಂದು ವರ್ಷ ಕಳೆದರೆ ಅವನ ವಯಸ್ಸು ಮೀರುತ್ತಿತ್ತು. ಆಮೇಲೆ ಅರ್ಜಿಯೂ ಇಲ್ಲ. ಆ ವರ್ಷ ಆಡಳಿತ ಮಂಡಳಿ ಒಂದು ಮಾತು ಕೊಟ್ಟಿತ್ತು: ತಜ್ಞರ ಸಮಿತಿ ಬಂದು ನಮ್ಮ ಕೆಲಸ ಒಪ್ಪಿದರೆ ಪ್ರಯೋಗಾಲಯವನ್ನು ಸಂಶೋಧನಾ ಕೇಂದ್ರ ಮಾಡುತ್ತಾರೆ, ಕೇಂದ್ರಕ್ಕೊಬ್ಬ ಕಾಯಂ ಅಟೆಂಡರ್ ಬರುತ್ತಾನೆ, ಅವನೇ ಮಾದೇವ. ಒಪ್ಪದಿದ್ದರೆ ಆ ಕೋಣೆಗೆ ಅಟೆಂಡರೇ ಬೇಡ. ಮಾದೇವನ ಮುಂದಿನ ಬದುಕೆಲ್ಲ ಆ ನಶ್ಯದ ಪುಡಿಯೊಳಗೆ ಕೂತಿತ್ತು.

ಆಯುಧಪೂಜೆಯ ದಿನ ಪ್ರಯೋಗಾಲಯದ ತಕ್ಕಡಿ, ಬರ್ನರ್, ಒಡೆದ ನಲ್ಲಿ, ಎಲ್ಲಕ್ಕೂ ಅವನು ವಿಭೂತಿ ಎಳೆದು ಹೂ ಇಟ್ಟ. ಓವನ್ನಿಗೆ ಮೂರು ಪಟ್ಟೆ.

"ಇದೂ ಆಯುಧನಾ ಮಾದೇವಣ್ಣ?" ಎಂದೆ.

"ಅಲ್ವ ಮತ್ತ? ಕುಡ್ಲಿಗ್ ಪೂಜ ಮಾಡಿ ಇದನ್ ಬುಟ್ರ ಮುನುಸ್ಕತದ."

"ಅದೇನು ನಿಮ್ಮ ಭಾವಮೈದ್ನನಾ, ಮುನಿಸ್ಕೊಳ್ಳೋಕೆ?"

"ಭಾವಮೈದ್ನ ಮುನುಸ್ಕಂಡ್ರ ಕೋಳಿ ಕುಯ್ದು ಸಮಾಧಾನ ಮಾಡ್ಬೌದು ಮೇಡಮ್ಮೋರೆ. ಇದ್ಕ ಏನ್ ಕುಯ್ಯನ? ಕೋಳಿ ಆಗ್ಲೇ ಬಾಗ್ಲಲ್ಲೇ ಅದ."

ಆ ವಾರವೇ ಪರಿಮಳ ಬಂತು. ಅಥವಾ, ಮೊದಲೇ ಹೇಳಿದ ಹಾಗೆ, ಅದರ ಹಿಂದಿನ ವಾರ. ಬಂಗಾಳ ಕೊಲ್ಲಿಯಲ್ಲಿ ಏನೋ ತಿರುಗುತ್ತಿದೆ ಎಂದು ರೇಡಿಯೋ ಹೇಳಿತ್ತು. ಆಕಾಶ ಮೂರು ದಿನದಿಂದ ಒದ್ದೆ ಕಂಬಳಿಯಂತೆ ಜೋತುಬಿದ್ದಿತ್ತು. ಜಿನುಗು ಮಳೆ. ಪಂಪ್‌ಸೆಟ್ಟು ಹಾಕುವವರಿಲ್ಲ. ಓವನ್ ಗುಂಯ್ ಎಂದು ಹೊಸ ದನಿಯಲ್ಲಿ ಗುನುಗಿತು. ಬಟ್ಟಲಿನ ನಡುವೆ ಪುಡಿ ಕೆಂಪಗೆ ಹೊತ್ತಿ ಮಿನುಗಿ ಆರಿತು, ಬಾಗಿಲು ತೆರೆದಾಗ ಮೊದಲು ಸುಟ್ಟ ವಾಸನೆ, ಅದರ ಹಿಂದೆಯೇ, ಇಲ್ಲ ಎನ್ನಲಾಗದ ಹಾಗೆ, ಐಸ್‌ಕ್ರೀಮ್. ಗುಂಡ್ಲುಪೇಟೆಯಲ್ಲಿ ಕೇರಳದವರ ಬೇಕರಿಯ ಮುಂದೆ ನಿಂತ ಹಾಗೆ. ನಾನು ಕೂಗಿದೆ. ಸರ್ ತರಗತಿ ಬಿಟ್ಟು ಓಡಿಬಂದರು. ಬಟ್ಟಲಿಗೆ ಮೂಗು ತೂರಿಸಿದ್ದಕ್ಕೆ ಮೂಗಿನ ತುದಿ ಕಪ್ಪಾಯಿತು. ಆ ಮೂಗಿನಲ್ಲೇ ಪ್ರಿನ್ಸಿಪಾಲರ ಕೋಣೆಗೆ ಹೋದರು. ಯಾರೂ ಹೇಳಲಿಲ್ಲ.

ಸರಿ, ಪರೀಕ್ಷೆಯೂ ಮಾಡಿದೆವು. ಸೋಸುಕಾಗದದ ಪಟ್ಟಿಯ ಮೇಲೆ, ಬಟ್ಟಲಿನ ಪುಡಿ ನೆನೆಸಿ ಸೋಸಿದ ನಮ್ಮ ದ್ರವದ ಒಂದು ಬೊಟ್ಟು, ಪಕ್ಕದಲ್ಲಿ ಅಂಗಡಿಯಿಂದ ತಂದ ಶುದ್ಧ ವೆನಿಲಿನ್ನಿನ ಒಂದು ಬೊಟ್ಟು. ಎರಡೂ ಒಂದೇ ಎತ್ತರಕ್ಕೆ ಏರಿ ನಿಂತವು, ಎಂದರೆ ಎರಡೂ ಒಂದೇ ವಸ್ತು. ಸರ್ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದರು. ಅದರಲ್ಲಿ ನಾವು ಎನ್ನುವ ಪದ ಇಪ್ಪತ್ತು ಸಲ ಬಂದಿತ್ತು, ನನ್ನ ಹೆಸರು ಒಂದು ಸಲವೂ ಇರಲಿಲ್ಲ. ರಾಜ್ಯೋತ್ಸವದ ಭಾಷಣದಲ್ಲಿ, ಹಿಂದುಳಿದ ಜಿಲ್ಲೆ ಎನ್ನುವವರ ಮೂಗಿಗೆ ಈ ಪರಿಮಳ ತಲುಪಲಿ ಎಂದರು. ಚಪ್ಪಾಳೆ. ಮೂಢನಂಬಿಕೆ ಬಿಡಿ, ವಿಜ್ಞಾನ ಹಿಡಿಯಿರಿ ಎಂದೂ ಅಂದರು. ವೇದಿಕೆಯಿಂದ ಇಳಿದವರು ಮಾದೇವನನ್ನು ಪಕ್ಕಕ್ಕೆ ಕರೆದು, "ಶುಕ್ರವಾರ ಶುಕ್ರವಾರ ಓವನ್ನಿಗೆ ಮಾಡ್ತೀಯಲ್ಲ, ಆ ಪೂಜೆ ತಪ್ಪಿಸಬೇಡ ಕಣಯ್ಯ. ನಾವು ನಂಬಲ್ಲ, ಆದ್ರೂ ಇರ್ಲಿ," ಎಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಇದರಲ್ಲಿ ನನಗೆ ಅನುಮಾನವಿಲ್ಲ. ಇನ್ನೊಬ್ಬರ ಸಣ್ಣತನ ನನಗೆ ಯಾವತ್ತೂ ಸ್ಪಷ್ಟವಾಗಿ ನೆನಪಿರುತ್ತದೆ.

ನವೆಂಬರಿನಲ್ಲಿ ಹೊಟ್ಟು ತರಲು ಸಾಮಿಲ್ಲಿಗೆ ಹೋದಾಗ ಕೈಚೀಲದಲ್ಲಿ ಆ ದ್ರವದ ಪುಟ್ಟ ಸೀಸೆ ಇಟ್ಟುಕೊಂಡಿದ್ದೆ. ಜಂಬಕ್ಕೆ. ಜಬ್ಬಾರ್ ಸಾಹೇಬರು ಗಡ್ಡದೊಳಗಿನ ಹೊಟ್ಟನ್ನು ಕೊಡವಿಕೊಳ್ಳುತ್ತ ಎದ್ದು ಬಂದರು.

"ಏನಮ್ಮಾ, ನಮ್ಮ ಹೊಟ್ಟು ತಗೊಂಡೋಗಿ ಐಸ್‌ಕ್ರೀಮ್ ಮಾಡ್ತೀರಂತೆ? ಕಪ್ಪಿಗೆ ಹಾಕಿ ಕೊಟ್ರೆ ನಾನೂ ಒಂದು ತಿಂತೀನಿ."

"ತಿನ್ನೋಕಲ್ಲ ಸಾಹೇಬ್ರೆ, ಮೂಸೋಕೆ," ಎಂದು ಬಿರಡೆ ತೆಗೆದು ಕೊಟ್ಟೆ.

ಅವರು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ನಾನು ಹೊಗಳಿಕೆಗೆ ಕಾದೆ.

"ಲೋಬಾನ್," ಎಂದರು.

"ಅಲ್ಲ, ಇದು ವೆನಿಲಿನ್…"

"ನೀನು ಏನಾದ್ರೂ ಹೆಸರಿಟ್ಕೋ ಮಗಾ. ಮೂವತ್ತು ವರ್ಷದಿಂದ ಗುರುವಾರ ಗುರುವಾರ ಈ ಅಂಗಡೀಲಿ ಹಾಕ್ತಾ ಇದೀನಿ. ಕೆಂಡದ ಮೇಲೆ ಬಿದ್ದ ಲೋಬಾನ್ ತಣ್ಣಗಾದ ಮೇಲೆ ಬಟ್ಟಲಿಂದ ಬರೋ ವಾಸನೆ ಇದು. ನನ್ನ ಮೂಗಿಗೆ ಗರಗಸದ ಧೂಳು ತುಂಬಿರಬಹುದು, ಸತ್ತಿಲ್ಲ."

ಚಾಮರಾಜನಗರದವರಿಗೆ ಬೇಕಾಗಿದ್ದದ್ದು ಐಸ್‌ಕ್ರೀಮ್, ಅವರಿಗೆ ಐಸ್‌ಕ್ರೀಮೇ ಬಂತು. ಜಬ್ಬಾರ್ ಸಾಹೇಬರಿಗೆ ಏನೂ ಬೇಕಾಗಿರಲಿಲ್ಲ. ಹೊಟ್ಟಿನ ಚೀಲ ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಮನೆಗೆ ಹೋಗಿ ಪುಸ್ತಕ ತೆಗೆದೆ. ಸಾಂಬ್ರಾಣಿಯೊಳಗೆ ವೆನಿಲಿನ್ ತಾನಾಗಿಯೇ ಇರುತ್ತದೆ ಎಂದು ಅದರಲ್ಲಿ ಒಂದೇ ಸಾಲು ಇತ್ತು. ಹಾಗಾದರೆ ಕಾಗದದ ಪಟ್ಟಿ ಸುಳ್ಳು ಹೇಳಿರಲಿಲ್ಲ. ಬೊಟ್ಟು ವೆನಿಲಿನ್ನೇ. ಎಲ್ಲಿಂದ ಬಂದ ವೆನಿಲಿನ್ ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಮಾರನೆಯ ಬೆಳಿಗ್ಗೆ ಮಾದೇವ ಕಸ ಗುಡಿಸುತ್ತಿದ್ದ.

"ಮಾದೇವಣ್ಣ, ಶುಕ್ರವಾರ ಸಾಂಬ್ರಾಣಿ ಯಾವುದ್ರಲ್ಲಿ ಹಾಕ್ತೀರಿ?"

"ಬಟ್ಲಲ್ಲಿ."

"ಯಾವ ಬಟ್ಲಲ್ಲಿ?"

"ಇರಾದೊಂದೇ ಬಟ್ಲು ಕಣವ್ವ. ದೂಪದ ಮಣ್ಣಿಂದು ಪೂಜ ದಿಸ್ವೇ ಒಡ್ದೋಯ್ತು. ಕೆಂಡ ಆಕಿ, ಕರೆಂಟ್ ಒಲ ಒಳ್ಗ ಮಡ್ಗಿ, ಒಸಿ ಹೊತ್ತು ಬಾಗ್ಲಾಕ್ತೀನಿ. ದೂಪ ಚೆಂದಾಗಿ ಇಡೀಲಿ ಅಂತ."

"ಆಮೇಲೆ ತೊಳೀತೀರಿ ತಾನೆ?"

ಅವನು ಪೊರಕೆ ನಿಲ್ಲಿಸಿ ನನ್ನನ್ನು ನೋಡಿದ, ನಾನೇನೋ ಹೊಲಸು ಮಾತಾಡಿದ ಹಾಗೆ.

"ದೂಪದ ಬೂದಿ ತೊಳ್ದು ಮೋರಿಗ್ ಬುಡದಾ? ಬಟ್ಟೇಲಿ ಒರುಸ್ತೀನಿ ಕಣವ್ವ. ಒರ್ಸಿ ನಿಮ್ಗ ಕೊಡ್ತೀನಿ."

ದೇವರ ಬೂದಿ ಮೋರಿಗೆ ಹೋಗಬಾರದು. ನಮ್ಮ ಮನೆಯಲ್ಲೂ ಹಾಗೇ. ನಮ್ಮವ್ವನೂ ತೊಳೆಯುತ್ತಿರಲಿಲ್ಲ. ಭೀಮನಬೀಡಿನಲ್ಲಿ ಹುಟ್ಟಿದವಳು ನಾನು, ಇದನ್ನು ಊಹಿಸಬೇಕಾಗಿತ್ತು. ಎಂ.ಎಸ್ಸಿ. ಪುಸ್ತಕಗಳಲ್ಲಿ ಬಟ್ಟಲು ತೊಳೆದಿರುತ್ತದೆ ಎಂದು ಮೊದಲೇ ತೀರ್ಮಾನಿಸಿರುತ್ತಾರೆ. ನಾನೂ ಹಾಗೇ ತೀರ್ಮಾನಿಸಿದ್ದೆ.

ಮಾದೇವ ದಡ್ಡನಾಗಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವನಿಗೆ ಹೊಳೆಯಿತು. ಪೊರಕೆ ಗೋಡೆಗೊರಗಿಸಿ ಸ್ಟೂಲಿನ ಮೇಲೆ ಕೂತ.

"ಅಂದ್ರ, ಆ ವಾಸ್ನ ನಾ ಆಕುದ್ದಾ?"

"ಗೊತ್ತಿಲ್ಲ. ಇರಬಹುದು."

"ಒಟ್ಟಿಂದು ಏನೂ ಬರ್ನಿಲ್ವ?"

"ಅದೂ ಗೊತ್ತಿಲ್ಲ."

ಅವನು ಓವನ್ನಿನ ಕಡೆಗೆ ತಿರುಗಿದ. ಬಿಳಿ ಕಾಗದದ ಒಂದು ಮೂಲೆ ಬಿಟ್ಟುಕೊಂಡು ಕೋಳಿಯ ಜುಟ್ಟು ಕಾಣುತ್ತಿತ್ತು. "ಬರೋ ವರ್ಸ ನಂಗ ವಯಸ್ಸು ಮೀರೋಯ್ತದ ಕಣವ್ವ," ಎಂದ. ಅದನ್ನು ಬೇಡುವ ದನಿಯಲ್ಲಿ ಹೇಳಲಿಲ್ಲ, ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದ. ಆಮೇಲೆ, "ಬುಡಿ. ನೀವು ಓದ್ದೋರು. ಸರ್‌ಗ ಏಳಾದಿದ್ರ ಏಳ್ಬುಡಿ. ನಾನೇನೂ ಅನ್ಕಳಲ್ಲ." ಏನಾದರೂ ಅಂದುಕೊಳ್ಳುತ್ತೇನೆ ಎಂದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು.

"ಸುಜಾತ, ಬಂದಿರೋದು ವೆನಿಲಿನ್ನೇ ತಾನೆ?"

"ಹೌದು ಸರ್."

"ವೆನಿಲಿನ್ ವೆನಿಲಿನ್ನೇ. ಎಲ್ಲಿಂದ ಬಂತು ಅಂತ ಅದರ ಹಣೆ ಮೇಲೆ ಬರೆದಿರತ್ತಾ?"

"ಬಟ್ಟಲು ಚೆನ್ನಾಗಿ ತೊಳೆದು ಒಂದೇ ಒಂದು ಸಲ ಮಾಡಿ ನೋಡೋಣ ಸರ್. ಬಂದರೆ ಬಂತು, ಇಲ್ಲದಿದ್ದರೆ…"

"ಸಮಿತಿ ಬರೋಕೆ ಎರಡು ವಾರ ಇದೆ. ಅಲ್ಲೀವರೆಗೆ ಓವನ್ ಯಾರೂ ಮುಟ್ಟಬಾರದು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಹೆಚ್ಚುಕಮ್ಮಿ ಎಂದರೆ ನಿಜ ಗೊತ್ತಾಗುವುದು. ಅಂದೇ ಕೋಣೆಗೆ ಬೀಗ ಬಿತ್ತು, ಬೀಗದ ಕೈ ಅವರ ಚರ್ಮದ ಚೀಲ ಸೇರಿತು. ನಾನು ವಿರೋಧಿಸಿದೆ, ವಾದಿಸಿದೆ ಎಂದು ಮೈಸೂರಿನ ಗೆಳತಿಯರ ಹತ್ತಿರ ಹೇಳಿಕೊಂಡಿದ್ದೇನೆ. ಆಗಲಿ ಸರ್ ಎಂದು ಹೊರಗೆ ಬಂದೆ. ಅಷ್ಟೇ ಆಗಿದ್ದದ್ದು.

ಸಮಿತಿ ಬಂದದ್ದು ಡಿಸೆಂಬರಿನಲ್ಲಿ, ಮತ್ತೆ ಕೊಲ್ಲಿಯ ಮಳೆ ಹಿಡಿದಿದ್ದಾಗ. ಕೊಯ್ದ ರಾಗಿ ಹೊಲದಲ್ಲೇ ನೆನೆಯುತ್ತಿತ್ತು. ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನನ್ನ ಪಕ್ಕ ಕೂತಿದ್ದ ಅಜ್ಜಿ, "ಯಾಕಮ್ಮಿ ಮುಕ ಇಂಗ್ ಮಾಡ್ಕಂಡಿದ್ದೈ, ನಿಂದೂ ರಾಗಿ ನೆಂದೋಯ್ತಾ?" ಎಂದಳು. ಹೂಂ ಎಂದೆ.

ಸರ್ ಕೋಣೆಯ ಬೀಗ ತೆಗೆದ ಆ ಬೆಳಿಗ್ಗೆಯ ಎರಡು ಚಿತ್ರಗಳು ನನ್ನ ಹತ್ತಿರ ಇವೆ. ಒಂದರಲ್ಲಿ ನಾನು ನಲ್ಲಿಯ ಕೆಳಗೆ ಬಟ್ಟಲು ಹಿಡಿದಿದ್ದೇನೆ. ಬೆರಳಿನಿಂದ ಉಜ್ಜುತ್ತಿದ್ದೇನೆ. ಕಂದು ನೀರು ಸಿಂಕಿನ ತೂತಿನ ಸುತ್ತ ತಿರುಗಿ ಇಳಿಯುತ್ತಿದೆ. ಇನ್ನೊಂದರಲ್ಲಿ ಬಟ್ಟಲು ಒಣಗಿಕೊಂಡೇ ಕಿಟಕಿಯ ಕಟ್ಟೆಯ ಮೇಲಿದೆ, ತಳದಲ್ಲಿ ಕಪ್ಪು ಉಂಗುರ. ನಾನು ಕೈ ಚಾಚಿದ್ದೇನೆ. ಬಾಗಿಲಲ್ಲಿ ಮಾದೇವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದಾನೆ. ಅವನ ಮೈಮೇಲೆ ಇಸ್ತ್ರಿ ಮಾಡಿದ ಅಂಗಿ ನಾನು ಮೊದಲ ಸಲ ನೋಡಿದ್ದು. ನಾನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎರಡೂ ಚಿತ್ರಗಳು ಒಂದೇ ಬೆಳಕಿನಲ್ಲಿವೆ. ಒಂದು ನಡೆದದ್ದು, ಇನ್ನೊಂದು ಆಮೇಲೆ ನಾನು ಕೂತು ಕಟ್ಟಿಕೊಂಡದ್ದು. ಯಾವುದು ಯಾವುದು ಎಂದು ಬಿಡಿಸುವ ಪರೀಕ್ಷೆ ನನಗೆ ಸಿಕ್ಕಿಲ್ಲ.

ಸಮಿತಿಯವರು ಮೂವರು. ಅಧ್ಯಕ್ಷರಿಗೆ ಮಳೆಯಲ್ಲಿ ನೆನೆದು ನೆಗಡಿ. ಉಳಿದ ಇಬ್ಬರ ಕಣ್ಣು ಗೋಡೆಯ ಗಡಿಯಾರದ ಮೇಲೆ, ಸಂಜೆ ಬಂಡೀಪುರದಲ್ಲಿ ಆನೆ ತೋರಿಸುವುದಾಗಿ ಸರ್ ಮಾತು ಕೊಟ್ಟಿದ್ದರು. ಬಟ್ಟಲನ್ನು ಒಳಗಿಟ್ಟದ್ದು ನಾನು. ಮಳೆಯಲ್ಲಿ ಯಾವ ತೋಟಕ್ಕೂ ನೀರು ಬೇಕಿರಲಿಲ್ಲ, ಓವನ್ ಹಿಂದೆಂದೂ ಗುನುಗದಷ್ಟು ಜೋರಾಗಿ ಗುನುಗಿತು. ಪುಡಿ ಮಿನುಗಿತು. ಬಾಗಿಲು ತೆರೆದೆ.

ಪರಿಮಳ ಬಂತು. ಇದನ್ನು ನಾನು ಕಟ್ಟಿಕೊಂಡಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ಬಂತು, ಅಧ್ಯಕ್ಷರೊಬ್ಬರನ್ನು ಬಿಟ್ಟು. ಅವರು ಕಟ್ಟಿದ ಮೂಗನ್ನು ಬಟ್ಟಲಿಗೆ ಹಿಡಿದು, ಜೋರಾಗಿ ಎಳೆದು, "ಅದ್ಭುತ!" ಎಂದರು. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಅದೇ ಕೈಯಿಂದ ಸಹಿ ಹಾಕಿದರು. ಚಹಾ, ಮೈಸೂರು ಪಾಕು, ಶಾಲು. ಮೂರೂವರೆಯ ಹೊತ್ತಿಗೆ ಅವರ ಜೀಪು ಗುಂಡ್ಲುಪೇಟೆ ರಸ್ತೆ ಹಿಡಿದಿತ್ತು. ಮಳೆಯಲ್ಲಿ ಆನೆ ಕಾಣಲಿಲ್ಲವಂತೆ, ನನಗೆ ಅದೊಂದು ಸಮಾಧಾನ.

ಕೋಣೆಯ ಬಾಗಿಲಿಗೆ ಸಂಶೋಧನಾ ಕೇಂದ್ರ ಎಂಬ ಬೋರ್ಡು ಬಂತು. ಮಾದೇವನ ಕೈಗೆ ಆದೇಶ ಬಂತು. ಅವನು ಅದನ್ನು ನನ್ನ ಹತ್ತಿರ ಎರಡು ಸಲ ಓದಿಸಿದ. ನನಗೆ ಕೈ ಮುಗಿಯಲು ಬಂದಾಗ ನಾನು ಬೇರೆ ಕಡೆ ತಿರುಗಿದೆ. ಇನ್ನಾದರೂ ಬಟ್ಟಲು ತೊಳೆದು ನೋಡೋಣ ಎಂದುಕೊಂಡಿದ್ದೆ. ಬೋರ್ಡು ಬಂದ ವಾರವೇ ಮಳೆಗೆ ಇಡೀ ಸೀಮೆಯ ಪಂಪ್‌ಸೆಟ್ಟುಗಳು ನಿಂತಿದ್ದಾಗ ವೋಲ್ಟೇಜು ಏರಿ ಓವನ್ ಚಿಟಿಲ್ಲೆಂದಿತು. ಸುಟ್ಟ ತಂತಿಯ ವಾಸನೆ. ಅದರೊಳಗೆ ಯಾರಿಗೂ ಐಸ್‌ಕ್ರೀಮ್ ಸಿಗಲಿಲ್ಲ. ರಿಪೇರಿ ಮಾಡಿಸಿ ಎಂದು ಸರ್ ಒಂದು ಸಲವೂ ಕೇಳಲಿಲ್ಲ. ಹಾಳಾದ ಓವನ್ ಅವರಿಗೆ ನಡೆಯುವ ಓವನ್ನಿಗಿಂತ ಹೆಚ್ಚು ಉಪಯೋಗದ್ದು. ಯುಗಾದಿಗೆ ಮೊದಲೇ ನಾನು ಮೈಸೂರಿನ ಔಷಧ ಕಂಪನಿಯೊಂದರ ಕೆಲಸಕ್ಕೆ ಹೊರಟೆ. ಆಮೇಲೆ ಬರೆಯುವುದಕ್ಕೆ ತೊ­ಡಗಿದೆ. ಊಟದ ಮೇಜುಗಳಲ್ಲಿ ಈ ಕಥೆ ಹೇಳುತ್ತ ಹೋದೆ: ಸಾಂಬ್ರಾಣಿಯನ್ನು ಕಂಡುಹಿಡಿದ ವಿಜ್ಞಾನಿಗಳು. ಪ್ರತಿ ಸಲವೂ ನಗು ಬರುತ್ತಿತ್ತು.

ಹಲವು ವರ್ಷಗಳಾದ ಮೇಲೆ ಒಂದು ಲೇಖನ ಓದಿದೆ. ಒಣ ಲಿಗ್ನಿನ್ ಮೈಕ್ರೋವೇವ್ ಓವನ್ನಿನಲ್ಲಿ ತಾನಾಗಿ ಕಾಯುವುದಿಲ್ಲವಂತೆ. ಚೂರು ಇದ್ದಿಲಪುಡಿ ಬೆರೆಸಿದರೆ ಇದ್ದಿಲು ಆ ಅಲೆಗಳನ್ನು ಹೀರಿ ಕೆಂಡವಾಗುತ್ತದೆ, ಆಗ ಸುತ್ತಲಿನ ಲಿಗ್ನಿನ್ ಒಡೆಯುತ್ತದೆ, ಆಗ ಬರುವವುಗಳಲ್ಲಿ ವೆನಿಲಿನ್ನೂ ಒಂದು. ಓದಿ ಪತ್ರಿಕೆ ಮಡಚಿಟ್ಟೆ. ಮಾದೇವ ಒರೆಸಿಕೊಡುತ್ತಿದ್ದ ಬಟ್ಟಲಿನ ತಳದಲ್ಲಿ ಏನಿತ್ತು? ಸಾಂಬ್ರಾಣಿ ಇತ್ತು, ಸರಿ. ಅದರ ಜೊತೆ ಇದ್ದಿಲಪುಡಿಯೂ ಇತ್ತು. ಪುಡಿ ನಡುವಿನಿಂದ ಕೆಂಪಗೆ ಮಿನುಗಿದ್ದು ನಾನೇ ಕಂಡಿದ್ದೆ. ಬಟ್ಟಲು ಎಷ್ಟೇ ಉಜ್ಜಿದರೂ ಆ ಕಪ್ಪು ಉಂಗುರ ಪೂರ್ತಿ ಹೋಗುವಂಥದ್ದಲ್ಲ, ಸಾಂಬ್ರಾಣಿಯ ಜಿಡ್ಡು ಹೋಗುತ್ತದೆ.

ಸಾಮಿಲ್ಲಿನಲ್ಲಿ ಸೀನಿದ ಮಾರನೆಯ ದಿನ ಕುದೇರಿಗೆ ಹೋದೆ. ಮಾದೇವ ನಿವೃತ್ತನಾಗಿದ್ದಾನೆ. ಜಗುಲಿಯ ಮೇಲೆ ಕೂತು ಹಿಪ್ಪುನೇರಳೆ ಕಡ್ಡಿಯ ಹೊರೆ ಕಟ್ಟುತ್ತಿದ್ದ. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು.

"ಮೇಡಮ್ಮೋರೆ! ಇದೇನ್ ಕಣವ್ವ, ತಲ ಪೂರಾ ಬೆಳ್ಗಾಗ್ಬುಟ್ಟದ. ನಿಮ್ಗೂ ವಯಸ್ಸು ಮೀರೋಯ್ತಾ?"

ಕಾಫಿ ಬಂತು. ಸುತ್ತಿಬಳಸದೆ ಕೇಳಿದೆ: ಸಮಿತಿ ಬಂದ ದಿನ ನಾನು ಬಟ್ಟಲು ತೊಳೆದೆನಾ?

"ತೊಳುದ್ರಿ ಕಣವ್ವ. ನಾನೇ ಚೊಂಬಲ್ಲಿ ನೀರು ಉಯ್ದಿಲ್ವ? ಆವತ್ತು ನಲ್ಲೀಲಿ ಎಲ್ಲಿತ್ತು ನೀರು?"

"ಧೂಪ? ನಾನು ಬರೋಕೆ ಮುಂಚೆ ಹಾಕಿದ್ರಾ?"

"ಎಲ್ಲಿ ದೂಪ? ನಮ್ಗ ಆವತ್ತು ಸೂತ್ಕ. ನಮ್ ದೊಡ್ಡಪ್ಪೋರ ಮನೇಲಿ ಕೂಸು ಹುಟ್ಟಿತ್ತು. ಸೂತ್ಕದಲ್ಲಿ ಪೂಜ ಮುಟ್ಟಾಗಿದ್ದದಾ?" ಹೊರೆಯ ಹಗ್ಗವನ್ನು ಮೊಣಕಾಲಿನಿಂದ ಒತ್ತಿ ಬಿಗಿದ. "ಒಟ್ಟಿಂದೇ ಬಂದಿದ್ದು ಆ ವಾಸ್ನ. ನಿಮ್ಗ ನಂಬ್ಕ ಇಲ್ಲ, ನಂಗೊತ್ತು. ನಾನು ಕೂತ್ಕಂಡು ಎಷ್ಟ್ ಜನಕ್ಕ ಏಳಿವ್ನಿ ಗೊತ್ತಾ, ಸಾಮಿಲ್ ಒಟ್ನಲ್ಲಿ ಐಸ್‌ಕ್ರೀಮ್ ವಾಸ್ನ ತಗುದ್ಬುಟ್ರು ನಮ್ ಸುಜಾತವ್ವೋರು ಅಂತ. ಯಾರೂ ನಗಲ್ಲ ಕಣವ್ವ."

ಅವನು ಚೊಂಬು ಎನ್ನುತ್ತಾನೆ. ನನ್ನ ಚಿತ್ರದಲ್ಲಿ ಇರುವುದು ನಲ್ಲಿ. ತೊಳೆದೆ ಎನ್ನುವ ಇಬ್ಬರ ಸಾಕ್ಷಿಯೂ ಒಂದಕ್ಕೊಂದು ಹೊಂದುವುದಿಲ್ಲ. ಅವನು ನಿಜ ಹೇಳಿರಬಹುದು. ಅಥವಾ ತನ್ನ ಕೆಲಸ ಸಾಂಬ್ರಾಣಿಯಿಂದ ಬಂದದ್ದಲ್ಲ ಎಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿರಬಹುದು. ಅಥವಾ ಅಷ್ಟು ದೂರದಿಂದ ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದು ಎಂದಿರಬಹುದು. ತೊಳೆದಿದ್ದರೆ, ಕೋಳಿ ಚಿತ್ರದ ಓವನ್ನಿನಲ್ಲಿ, ಒಬ್ಬ ದಿನಗೂಲಿಯ ಪೂಜೆಯ ಇದ್ದಿಲಿನಿಂದ, ಮರದ ಹೊಟ್ಟಿನೊಳಗಿನ ಪರಿಮಳವನ್ನು ನಾವು ನಿಜವಾಗಿಯೂ ತೆಗೆದಿದ್ದೆವು, ಅದನ್ನು ನಾನು ಊಟದ ಮೇಜಿನ ನಗೆಗೆ ಹಾಕಿದೆ. ತೊಳೆದಿರದಿದ್ದರೆ ನಾನು ತಿಳಿದೂ ಮೋಸ ಮಾಡಿದೆ, ಆ ಮೋಸವನ್ನು ಸರ್ ತಲೆಗೆ ಕಟ್ಟಿ ನಗುತ್ತ ಬಂದೆ. ಸರ್ ಈಗಿಲ್ಲ. ಪ್ರಯೋಗದ ನೋಟು­ಪುಸ್ತಕ ಎಲ್ಲಿದೆಯೋ. ಬಟ್ಟಲು ಏನಾಯಿತೆಂದು ಮಾದೇವನನ್ನು ಕೇಳಿದೆ, ಅವನಿಗೆ ನೆನಪಿರಲಿಲ್ಲ.

ಆ ಬೆಳಿಗ್ಗೆ ನಾನು ಬಟ್ಟಲು ತೊಳೆದೆನೋ ಇಲ್ಲವೋ, ನನಗೆ ಗೊತ್ತಿಲ್ಲ.